ಮೂರನೇ ಸ್ಥಾನದ ಡಿಸ್ಕಿನವರು

ಸಾರ್ವಜನಿಕ ಧ್ವನಿ ಭಂಡಾರದ ಮೀಡಿಯಾ ಸರ್ವರಿನ ಮೂರನೇ ಸ್ಥಾನದಲ್ಲಿ ಬಹುಕಾಲದಿಂದ ಸೇವೆ ಸಲ್ಲಿಸುತ್ತಿದ್ದ ಹಾರ್ಡ್ ಡಿಸ್ಕಿನವರು ಸೋಮವಾರ ಬೆಳಿಗ್ಗೆ ಕಚೇರಿ ವೇಳೆಯಲ್ಲಿಯೇ ನಿಧನರಾದರು. ಅವರು ಒಂದು ದಿನವೂ ರಜೆ ಹಾಕಿದವರಲ್ಲ, ಒಮ್ಮೆಯೂ ಬಡ್ತಿ ಕೇಳಿದವರಲ್ಲ ಎಂಬುದನ್ನು ಭಂಡಾರದ ಆಡಳಿತವು ಈ ಮೂಲಕ ಸ್ಮರಿಸುತ್ತದೆ.

ಮೇಲಿನ ಪ್ರಕಟಣೆಯಲ್ಲಿ ಯಾವ ದೋಷವೂ ಇಲ್ಲ. ಅಂಗೈಯಗಲದ ತಗಡಿನ ಡಬ್ಬಿಯೊಂದು ನಿಧನರಾಗುವುದು ಹೇಗೆಂದು ಹೊರಗಿನವರು ಹುಬ್ಬೇರಿಸಬಹುದು. ಹೊರಗಿನವರಿಗೆ ನಿಯಮ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಅವರು ಒಳಗೇ ಇರುತ್ತಿದ್ದರು.

ಸಾವನ್ನು ಮೊದಲು ಕಂಡವಳು ಭಂಡಾರದ ತಂತ್ರಜ್ಞೆ. ನಡೆದರೆ ಜೇಬಿನಲ್ಲಿ ತಿರುಪುಮೊಳೆಗಳು ಝಣಗುಟ್ಟುತ್ತಿದ್ದುದರಿಂದ ಎಲ್ಲರೂ ಅವಳನ್ನು ಸ್ಕ್ರೂ ಮೇಡಂ ಎಂದೇ ಕರೆಯುತ್ತಿದ್ದರು. ಹಿಂದಿನ ಸರ್ವರ್ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಮೂರನೇ ಡಿಸ್ಕಿನ ಪಕ್ಕ ಕೆಂಪು ದೀಪ ಉರಿಯುತ್ತಿತ್ತು. ಆ ಬೀರುವಿನಲ್ಲಿ ಪ್ರತಿಯೊಂದು ದನಿಯನ್ನೂ ಎರಡೆರಡು ಕಡೆ ಇಟ್ಟಿರುತ್ತಾರೆ. ಮೂರನೆಯದೂ ನಾಲ್ಕನೆಯದೂ ಜೋಡಿ. ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲಿ. ಒಂದು ಹೋದರೆ ಇನ್ನೊಂದು ಕಾಪಾಡುತ್ತದೆ, ಆದರೆ ಅದೂ ಅಷ್ಟೇ ಹಳೆಯದು. ಅದು ಹೋಗುವ ಮೊದಲು ಹೊಸ ಡಿಸ್ಕು ಹಾಕಿಬಿಟ್ಟರೆ, ನಾಲ್ಕನೆಯದು ತನ್ನಲ್ಲಿರುವುದನ್ನೆಲ್ಲ ತಾನೇ ಅದಕ್ಕೆ ಹೇಳಿಕೊಡುತ್ತದೆ. ಹಳೆಯದನ್ನು ಎಳೆಯಬೇಕು, ಹೊಸದನ್ನು ತಳ್ಳಬೇಕು. ಲೋಟದಲ್ಲಿರುವ ಕಾಫಿ ಆರುವುದರೊಳಗೆ ಮುಗಿಯುವ ಕೆಲಸ.

ಅವಳು ಒಂದು ಚೀಟಿ ಬರೆದು ಉಗ್ರಾಣಕ್ಕೆ ಒಯ್ದಳು: “ಮೂರನೇ ಡಿಸ್ಕು ಸತ್ತಿದೆ. ಜಾಗ ಖಾಲಿ ಇದೆ. ತುರ್ತಾಗಿ ಹೊಸದು ಬೇಕು.”

ಉಗ್ರಾಣದ ಅಧಿಕಾರಿ ಚೀಟಿ ಓದಿ, ಯಾರೋ ತಮ್ಮ ಮನೆಯವರನ್ನೇ ಬೈದಂತೆ ಮುಖ ಮಾಡಿದರು.

“ಸತ್ತಿದೆ ಅಂದ್ರೇನು ಮೇಡಂ? ಸುತ್ತೋಲೆ ಓದಿಲ್ವಾ ನೀವು?”

ಸುತ್ತೋಲೆಯ ಹಿನ್ನೆಲೆ ಇಷ್ಟೇ. ಯಾವುದೋ ಟಿಪ್ಪಣಿಯಲ್ಲಿ ಯಾರೋ ಅವಸರಕ್ಕೆ “ನಿರ್ದೇಶಕ ಬಂದ” ಎಂದು ಬರೆದಿದ್ದರು. ನಿರ್ದೇಶಕರು ನೊಂದುಕೊಂಡರು. ನೊಂದುಕೊಂಡ ಮರುದಿನವೇ ಭಂಡಾರದಲ್ಲಿ ಸೌಜನ್ಯ ಅಭಿಯಾನ ಆರಂಭವಾಯಿತು. “ಇನ್ನು ಮುಂದೆ ಕಚೇರಿಯ ಯಾವುದೇ ಬರಹದಲ್ಲಿ ಯಾರನ್ನೂ, ಯಾವುದನ್ನೂ ಏಕವಚನದಲ್ಲಿ ಉಲ್ಲೇಖಿಸತಕ್ಕದ್ದಲ್ಲ. ಉಲ್ಲೇಖಿಸಿದಲ್ಲಿ ಅದನ್ನು ಅಗೌರವವೆಂದು ಪರಿಗಣಿಸಲಾಗುವುದು.” ಅಂದಿನಿಂದ ಭಂಡಾರದಲ್ಲಿ ಲಿಫ್ಟಿನವರು ಕೆಟ್ಟು ನಿಲ್ಲುತ್ತಿದ್ದರು, ನಲ್ಲಿಯವರು ಸೋರುತ್ತಿದ್ದರು, ಮೂರನೇ ಮಹಡಿಯ ಪಾಯಖಾನೆಯವರು ಕಟ್ಟಿಕೊಂಡಿದ್ದರು.

ಅಧಿಕಾರಿ ಕೆಂಪು ಪೆನ್ನು ತೆಗೆದು ಚೀಟಿಯನ್ನು ತಿದ್ದಿದರು: “ಮೂರನೇ ಡಿಸ್ಕಿನವರು ತೀರಿಕೊಂಡಿದ್ದಾರೆ. ಅವರ ಸ್ಥಾನ ಖಾಲಿ ಇರುತ್ತದೆ. ತುರ್ತಾಗಿ ಹೊಸಬರು ಬೇಕು.”

ಸ್ಕ್ರೂ ಮೇಡಂ ಕಿಸಕ್ಕನೆ ನಕ್ಕಳು. ಅಧಿಕಾರಿ ನಗಲಿಲ್ಲ. ತಾವೇ ತಿದ್ದಿದ್ದನ್ನು ಮತ್ತೊಮ್ಮೆ ಓದಿದರು. ಓದುತ್ತ ಓದುತ್ತ ಅವರ ಮುಖದಲ್ಲಿ, ಹೆಗಲ ಮೇಲಿನ ಹೊರೆ ಇಳಿದವರ ನಿರಾಳ ಮೂಡಿತು.

“ಇದು ನನ್ನ ಕೆಲಸ ಅಲ್ಲ ಮೇಡಂ. ಉಗ್ರಾಣದಲ್ಲಿ ವಸ್ತು ಸಿಗುತ್ತೆ. ಹೊಸಬರು ಸಿಗಲ್ಲ. ಸಿಬ್ಬಂದಿ ವಿಭಾಗಕ್ಕೆ ಹೋಗಿ.”

“ಅಯ್ಯೋ ಸಾರ್, ಅದು ಡಬ್ಬಿ! ನಿಮ್ಮ ಹಿಂದಿನ ಕಪಾಟಿನಲ್ಲೇ ಅಂಥದ್ದು ಇದೆ, ಕಾಣ್ತಾ ಇದೆ ನಂಗೆ!”

“ನಿಮ್ಮ ಬಾಯಲ್ಲಿ ಡಬ್ಬಿ ಇರಬಹುದು. ಕಾಗದದ ಮೇಲೆ ತೀರಿಕೊಂಡಿದ್ದಾರೆ. ತೀರಿಕೊಂಡವರ ಜಾಗಕ್ಕೆ ಕಪಾಟಿನಿಂದ ತೆಗೆದು ಕೊಡೋಕಾಗುತ್ತಾ? ಒಂದು ಮಾನ ಮರ್ಯಾದೆ ಬೇಡ್ವಾ?”

ಸಿಬ್ಬಂದಿ ಅಧಿಕಾರಿಗೆ ಎಷ್ಟೋ ಕಾಲದಿಂದ ಒಂದು ಹುದ್ದೆಯನ್ನೂ ತುಂಬುವ ಭಾಗ್ಯ ಸಿಕ್ಕಿರಲಿಲ್ಲ. ಚೀಟಿ ನೋಡಿದೊಡನೆ ಅವರ ಕಣ್ಣು ಅರಳಿತು. ಸಾವಿನ ವಿಷಯವೆಂದು ನೆನಪಾಗಿ ಮತ್ತೆ ಸಣ್ಣಗಾಯಿತು.

“ಸೇವೆಯಲ್ಲಿದ್ದಾಗಲೇ ಹೋದ್ರಾ?”

“ಓಡ್ತಾ ಓಡ್ತಾನೇ ನಿಂತುಹೋಯ್ತು ಸಾರ್.”

“ನಿಂತುಹೋದರು.”

“...ನಿಂತುಹೋದರು.”

“ಪಾಪ. ಹಾಗಿದ್ರೆ ಅನುಕಂಪದ ಆಧಾರದ ಮೇಲೆ ನೇಮಕ ಆಗ್ಬೇಕು. ಹಿಂದೆ ಬಿಟ್ಟುಹೋದವರು ಯಾರ್‍ಯಾರಿದ್ದಾರೆ?”

“ಪಕ್ಕದಲ್ಲಿ ನಾಲ್ಕನೇ ಡಿಸ್ಕು ಒಂದಿದೆ. ಅದೂ ಇವತ್ತೋ ನಾಳೆಯೋ ಅಂತಿದೆ. ಅದಕ್ಕೇ ಸಾರ್ ಅವಸರ!”

“ಛೆ, ಛೆ, ಆಘಾತ ಆಗಿರುತ್ತೆ ಅವರಿಗೆ,” ಎಂದು ಅಧಿಕಾರಿ ಲೊಚಗುಟ್ಟಿದರು. ಬಳಿಕ, ಸಾವು ಸಂಭವಿಸಿದ ಸ್ಥಳವನ್ನು ವಾರಸುದಾರರು ಅಧಿಕಾರ ವಹಿಸಿಕೊಳ್ಳುವವರೆಗೆ ಯಾರೂ ಪ್ರವೇಶಿಸತಕ್ಕದ್ದಲ್ಲವೆಂದು ಆದೇಶಿಸಿ, ಸರ್ವರ್ ಕೋಣೆಗೆ ಬೀಗ ಹಾಕಿಸಿ, ಬೀಗದ ಮೇಲೆ ಅರಗಿನ ಮುದ್ರೆ ಒತ್ತಿಸಿದರು. ಒಳಗೆ ಸರ್ವರ್ ತನ್ನ ಪಾಡಿಗೆ ತಾನು ಗುಂಯ್‌ಗುಡುತ್ತಿತ್ತು. ಸ್ಕ್ರೂ ಮೇಡಂ ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತು, ನಾಲ್ಕನೆಯ ದೀಪ ಇನ್ನೂ ಹಸಿರಾಗಿದೆಯೆಂದು ನೋಡಿಕೊಂಡು ಮನೆಗೆ ಹೋದಳು.

ಮನೆಯಲ್ಲಿ ಅಕ್ಕ ಇದ್ದಳು. ಅಕ್ಕನ ಮಗಳೂ ಇದ್ದಳು. ಅಕ್ಕನ ದನಿ ಇರಲಿಲ್ಲ.

ಮಗು ಇನ್ನೂ ತೊಟ್ಟಿಲಲ್ಲಿದ್ದಾಗ ಅಕ್ಕನ ಗಂಟಲಲ್ಲಿ ಗಡ್ಡೆ ಎದ್ದಿತ್ತು. ವೈದ್ಯರು ಗಡ್ಡೆ ತೆಗೆದರು, ಜೊತೆಗೆ ದನಿಯನ್ನೂ. ಅಕ್ಕ ಬದುಕಿದಳು; ಅದಕ್ಕಿಂತ ಹೆಚ್ಚಿನದನ್ನು ಆಗ ಯಾರೂ ಕೇಳಿರಲಿಲ್ಲ. ಆಮೇಲೆ ಮಗು ಬೆಳೆದು, ಮಾತು ಕಲಿತು, ಒಂದು ದಿನ ಕೇಳಿತು, “ಅಮ್ಮ ಹೆಂಗೆ ನಗ್ತಿದ್ಲು?” ಸ್ಕ್ರೂ ಮೇಡಂ ನಕ್ಕು ತೋರಿಸಲು ಹೋದಳು. ಅದು ಅಕ್ಕನ ನಗು ಆಗಲಿಲ್ಲ, ಬೆಕ್ಕು ಸೀನಿದ ಹಾಗಾಯಿತು.

ಅಕ್ಕನ ನಗು ಇಡೀ ಲೋಕದಲ್ಲಿ ಇದ್ದದ್ದು ಒಂದೇ ಕಡೆ. ಮದುವೆಗೆ ಮುಂಚೆ ಅವಳು ಭಂಡಾರದ ಮಕ್ಕಳ ಕಾರ್ಯಕ್ರಮಕ್ಕೆ ಒಂದು ಕಥೆ ಹೇಳಿದ್ದಳು. ನೂರು ಕಾಲಿನ ಹುಳವೊಂದು ಹೊರಗೆ ಹೊರಡಲೆಂದು ಒಂದೊಂದೇ ಚಪ್ಪಲಿ ಹಾಕಿಕೊಳ್ಳುತ್ತಾ ಬಂದು, ಕೊನೆಗೆ ಒಂದು ಚಪ್ಪಲಿ ಸಿಗದೆ, ಹುಡುಕುವುದಕ್ಕೆಂದು ಎಲ್ಲವನ್ನೂ ಬಿಚ್ಚಿ, ಮತ್ತೆ ಮೊದಲಿಂದ ಹಾಕಿಕೊಳ್ಳುವ ಕಥೆ. ಹುಳ ಎರಡನೇ ಸಲ ಚಪ್ಪಲಿ ಹಾಕಿಕೊಳ್ಳುವಲ್ಲಿ ಅಕ್ಕನಿಗೇ ನಗು ತಡೆಯಲಾಗದೆ ಬಿದ್ದು ಬಿದ್ದು ನಕ್ಕಿದ್ದಳು. ಅದನ್ನು ಕತ್ತರಿಸದೆ ಹಾಗೆಯೇ ಬಿಟ್ಟಿದ್ದರು. ಆ ಕಥೆ ಇದ್ದದ್ದು ಮೂರನೇ ಡಿಸ್ಕಿನಲ್ಲಿ, ಅದರ ಜೋಡಿಯಲ್ಲಿ. ಈಗ ನಾಲ್ಕನೆಯದರಲ್ಲಿ ಮಾತ್ರ.

ಅದನ್ನು ಎಂದೋ ಮನೆಗೆ ತರಬಹುದಿತ್ತಲ್ಲ ಎಂದರೆ, ತರುವಂತಿರಲಿಲ್ಲ. ಸಿಬ್ಬಂದಿಯು ತಮ್ಮ ಸಂಬಂಧಿಕರ ಧ್ವನಿಯನ್ನು ಕೇಳುವುದಾಗಲಿ, ಪ್ರತಿ ಮಾಡುವುದಾಗಲಿ ಸ್ವಜನಪಕ್ಷಪಾತವೆನಿಸುತ್ತದೆ. ಸ್ವಜನಪಕ್ಷಪಾತದ ವಿಷಯದಲ್ಲಿ ಭಂಡಾರ ಬಹಳ ಕಟ್ಟುನಿಟ್ಟು. ಹಾಗಾಗಿ ಅಕ್ಕ ಎಲ್ಲರಂತೆ ಅರ್ಜಿ ಹಾಕಿ, ಎಲ್ಲರಂತೆ ಕಾದು, ಎಲ್ಲರಂತೆ ಕಾಯುವುದನ್ನೂ ಮರೆಯುವ ಹೊತ್ತಿಗೆ ಸರದಿ ಬಂದಿತ್ತು. ಈ ಶನಿವಾರ, ಆಲಿಸುವ ಕೊಠಡಿಯಲ್ಲಿ, ತಾಯಿ ಮಗಳಿಬ್ಬರಿಗೂ.

“ಶನಿವಾರ ಅಮ್ಮನ ನಗು ಕೇಳ್ತೀನಿ!” ಎಂದು ಮಗು ಮಂಚದ ಮೇಲೆ ಕುಣಿಯುತ್ತಿತ್ತು. ಅಕ್ಕ ತಂಗಿಯ ಮುಖ ನೋಡಿ, ಏನಾಯಿತು ಎಂದು ಕೈಸನ್ನೆಯಲ್ಲಿ ಕೇಳಿದಳು. “ಏನಿಲ್ಲ, ತಲೆನೋವು,” ಎಂದಳು ತಂಗಿ. ಮರುದಿನ ಬೆಳಿಗ್ಗೆ ಪೇಟೆಗೆ ಹೋಗಿ, ಅದೇ ಕಂಪನಿಯ, ಅದೇ ಅಳತೆಯ ಹೊಸ ಡಿಸ್ಕನ್ನು ಸ್ವಂತ ಖರ್ಚಿನಲ್ಲಿ ತಂದಳು.

ಅಷ್ಟು ಹೊತ್ತಿಗೆ ಸೂಚನಾ ಫಲಕದಲ್ಲಿ ಪ್ರಕಟಣೆ ಬಿದ್ದಿತ್ತು: “ದಿವಂಗತ ಡಿಸ್ಕಿನವರ ವಾರಸುದಾರರೆಂದು ಹಕ್ಕು ಸಾಧಿಸುವವರು ಬುಧವಾರ ಖುದ್ದಾಗಿ ಹಾಜರಾಗತಕ್ಕದ್ದು. ಅಭ್ಯರ್ಥಿಗಳಿಗೆ ಹದಿನೆಂಟು ವರ್ಷ ತುಂಬಿರತಕ್ಕದ್ದು. ಓಡುವ ಸಾಮರ್ಥ್ಯವುಳ್ಳವರಿಗೆ ಆದ್ಯತೆ.”

ಬುಧವಾರ ವಾರಸುದಾರರ ಸಾಲು ಮೆಟ್ಟಿಲಿಳಿದು ಬೀದಿಗೆ ಬಂದಿತ್ತು. ಸತ್ತವರಿಗೆ ಇಷ್ಟೊಂದು ಬಂಧುಬಳಗ ಇದ್ದದ್ದು ಕಂಡು ಕೆಲವರ ಕಣ್ಣು ಒದ್ದೆಯಾಯಿತು. ಡಿಸ್ಕು ಭಂಡಾರಕ್ಕೆ ಬಂದ ದಿನ ಅದರ ಪೆಟ್ಟಿಗೆಯನ್ನು ಗಾಡಿಯಿಂದ ಇಳಿಸಿದ್ದ ಹಮಾಲಿ, “ಎತ್ತಿ ಆಡಿಸಿದ ಕೈ ಸ್ವಾಮಿ ಇದು,” ಎಂದ. ಮಾರಿದ ಏಜೆಂಟು, ಹೆತ್ತವರು ಪರದೇಶದಲ್ಲಿರುವುದರಿಂದ ಸಾಕಿದ ತಂದೆ ತಾನೇ ಎಂದ. ಎಲ್ಲರಿಗಿಂತ ಹಿಂದೆ, ನಾಚಿಕೊಂಡು ನಿಂತಿದ್ದವರು ನಿರ್ದೇಶಕರ ಭಾವಮೈದುನ. ಸರ್ವರ್ ಉದ್ಘಾಟನೆಯ ದಿನ ರಿಬ್ಬನ್ನಿನ ಇನ್ನೊಂದು ತುದಿಯನ್ನು ಹಿಡಿದುಕೊಂಡಿದ್ದವರು ಅವರು. ಅಂದಿನಿಂದ ದಿವಂಗತರ ಮೇಲೆ ಒಂದು ಬಗೆಯ ಮಮತೆ ಬೆಳೆದಿತ್ತೆಂದು ಅವರಿಗೆ ನಿರ್ದೇಶಕರ ಹೆಂಡತಿಯಾದ ಅವರ ಅಕ್ಕ ಹಿಂದಿನ ರಾತ್ರಿಯಷ್ಟೇ ತಿಳಿಸಿಕೊಟ್ಟಿದ್ದರು.

ಸ್ಕ್ರೂ ಮೇಡಂ ತಾನು ತಂದ ಡಿಸ್ಕನ್ನು ಆಯ್ಕೆ ಸಮಿತಿಯ ಮುಂದಿನ ಕುರ್ಚಿಯ ಮೇಲೆ ಕೂರಿಸಿದಳು. ಅವಳಿಗೂ ಅಷ್ಟು ಹೊತ್ತಿಗೆ ಸ್ವಲ್ಪ ನಿಯಮದ ಬುದ್ಧಿ ಬಂದಿತ್ತು.

“ಇವರು ದಿವಂಗತರ ಸ್ವಂತ ತಮ್ಮ ಸಾರ್. ಒಂದೇ ಕಂಪನಿ, ಒಂದೇ ಅಚ್ಚು. ರಕ್ತಸಂಬಂಧ ಅಂದ್ರೆ ಇದೇ. ಇವರನ್ನೇ ನೇಮಕ ಮಾಡಿ.”

ಸಮಿತಿ ಬೆಚ್ಚಿಬಿತ್ತು. ವಾದ ಗಟ್ಟಿಯಾಗಿತ್ತು. ಸಿಬ್ಬಂದಿ ಅಧಿಕಾರಿ ಮುಂದಕ್ಕೆ ಬಾಗಿ ಡಿಸ್ಕನ್ನು ಮೇಲಿಂದ ಕೆಳಗೆ ನೋಡಿದರು.

“ವಯಸ್ಸು?”

“ಈ ವರ್ಷದ್ದೇ ಸಾರ್.”

“ಈ ವರ್ಷದವರು.”

“ಈ ವರ್ಷದವರು ಸಾರ್.”

“ಹದಿನೆಂಟು ತುಂಬಿಲ್ಲ. ಬಾಲಕಾರ್ಮಿಕರನ್ನ ಇಟ್ಕೊಂಡ್ರೆ ನಮ್ಮನ್ನ ಒಳಗೆ ಹಾಕ್ತಾರೆ ಮೇಡಂ.”

“ಹದಿನೆಂಟು ವರ್ಷದ ಡಿಸ್ಕು ಯಾರಾದ್ರೂ ಬದುಕಿರ್ತಾರಾ ಸಾರ್?”

“ಅದು ಅಭ್ಯರ್ಥಿಗಳ ಸಮಸ್ಯೆ. ಇವರಿಗೆ ಹೇಳಿ, ಚೆನ್ನಾಗಿ ಬೆಳೆದು ದೊಡ್ಡವರಾಗಿ ಆಮೇಲೆ ಬರ್ಲಿ. ಒಳ್ಳೇ ಭವಿಷ್ಯ ಇದೆ.”

ನಿರ್ದೇಶಕರು ಆಯ್ಕೆಯ ವಿಷಯದಲ್ಲಿ ತಾವು ಮೂಗು ತೂರಿಸುವುದಿಲ್ಲವೆಂದು ಹೇಳಿ ಕೋಣೆಯಿಂದ ಎದ್ದುಹೋದರು. ಬಾಗಿಲ ಹೊರಗೆ ನಿಂತು ಒಮ್ಮೆ ಕೆಮ್ಮಿದರು. ಭಾವಮೈದುನರು ಸರ್ವಾನುಮತದಿಂದ ಆಯ್ಕೆಯಾದರು. ಇದು ಸ್ವಜನಪಕ್ಷಪಾತ ಅಲ್ಲವೇ ಎಂದು ಸ್ಕ್ರೂ ಮೇಡಂ ಕೇಳಿದ್ದಕ್ಕೆ ಸಮಿತಿ ಲಿಖಿತ ವಿವರಣೆ ನೀಡಿತು: ಪ್ರಸ್ತುತ ನೇಮಕದಲ್ಲಿ ಪರಿಗಣಿಸಲಾಗಿರುವುದು ಅಭ್ಯರ್ಥಿಗೆ ಡಿಸ್ಕಿನವರೊಡನೆ ಇರುವ ಸಂಬಂಧವೇ ಹೊರತು ನಿರ್ದೇಶಕರೊಡನೆ ಇರುವ ಸಂಬಂಧವಲ್ಲ.

ಶುಕ್ರವಾರ ಸಂತಾಪ ಸಭೆ, ಅದರ ಬೆನ್ನಿಗೇ ಅಧಿಕಾರ ಸ್ವೀಕಾರ. ಸರ್ವರ್ ಕೋಣೆಯ ಮುಂದಿನ ಕಾರಿಡಾರಿನಲ್ಲಿ ಎಲ್ಲರೂ ಸೇರಿದರು. ನಿರ್ದೇಶಕರು ಮಾತನಾಡಿ, ದಿವಂಗತರು ಎಷ್ಟೋ ಜನರ ಮಾತನ್ನು ಕೇಳಿಸಿಕೊಂಡರೂ ಒಮ್ಮೆಯೂ ಎದುರಾಡಿದವರಲ್ಲ, ಇಂದಿನ ಸಿಬ್ಬಂದಿ ಅವರಿಂದ ಕಲಿಯಬೇಕಾದದ್ದು ಬಹಳವಿದೆ ಎಂದರು. ಬಳಿಕ ಮೌನಾಚರಣೆ ಆರಂಭವಾಯಿತು. ಎಲ್ಲರೂ ತಲೆ ತಗ್ಗಿಸಿದರು. ಆ ನಿಶ್ಶಬ್ದದಲ್ಲಿ ಬೀಗ ಹಾಕಿದ ಬಾಗಿಲ ಹಿಂದಿನಿಂದ ಗುಂಯ್ ಎಂಬ ಸದ್ದು ಕೇಳಿಸಿತು.

ನಿರ್ದೇಶಕರು ಒಂದು ಕಣ್ಣು ತೆರೆದರು. “ಯಾರದು?”

“ಸರ್ವರ್ ಸಾರ್. ಫ್ಯಾನ್ ಸದ್ದು,” ಎಂದಳು ಸ್ಕ್ರೂ ಮೇಡಂ.

“ಮನೆಯವರೇ ಮೌನ ಆಚರಿಸದಿದ್ರೆ ಹೇಗೆ? ಒಂದು ನಿಮಿಷ ಸುಮ್ಮನಿರೋಕೆ ಹೇಳಿ. ಆಫ್ ಮಾಡಿ.”

ಅವಳು ಕೈಮುಗಿದಳು. “ಬೇಡಿ ಸಾರ್! ದಮ್ಮಯ್ಯ ಅಂತೀನಿ! ಹಳೇ ಡಿಸ್ಕು ತಿರುಗ್ತಾ ಇರೋವರೆಗೆ ತಿರುಗುತ್ತೆ, ಒಂದ್ಸಲ ನಿಂತ್ರೆ ಮತ್ತೆ ಏಳುತ್ತೆ ಅಂತ ಹೇಳೋಕಾಗಲ್ಲ! ನಾಲ್ಕನೆಯದೂ ಹೋದ್ರೆ ಎಲ್ಲಾ ಹೋದ ಹಾಗೇ!”

“ಶ್!” ಎಂದರು ಸಿಬ್ಬಂದಿ ಅಧಿಕಾರಿ. “ಮೌನಾಚರಣೆ ನಡೀತಿದೆ.”

ವಿದ್ಯುತ್ ಫಲಕ ಕಾರಿಡಾರಿನ ಗೋಡೆಯಲ್ಲೇ ಇತ್ತು. ಉಗ್ರಾಣದ ಅಧಿಕಾರಿ ಗುಂಡಿ ಒತ್ತಿದರು. ಗುಂಯ್ ಎನ್ನುವುದು ಸಣ್ಣಗಾಗುತ್ತಾ ಸಣ್ಣಗಾಗುತ್ತಾ ನಿಂತಿತು. ಭಂಡಾರ ಕಟ್ಟಿದ ಮೇಲೆ ಅಲ್ಲಿ ಅಂಥ ಮೌನ ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಬಹಳ ತೃಪ್ತಿಯಾಯಿತು. ನಿಮಿಷ ಮುಗಿದ ಮೇಲೆ ಮತ್ತೆ ಗುಂಡಿ ಒತ್ತಿದರು. ಫ್ಯಾನುಗಳು ಎದ್ದವು. ಒಂದನೆಯ ದೀಪ ಹಸಿರಾಯಿತು, ಎರಡನೆಯದೂ ಆಯಿತು. ನಾಲ್ಕನೆಯ ಕಡೆಯಿಂದ ಟಕ್, ಟಕ್ ಎಂದು ಕೇಳಿಸಿತು, ಒಳಗಿನಿಂದ ಯಾರೋ ಬಾಗಿಲು ತಟ್ಟುವ ಹಾಗೆ. ಆಮೇಲೆ ಅದೂ ನಿಂತಿತು. ದೀಪ ಕೆಂಪಾಯಿತು.

ಸ್ಕ್ರೂ ಮೇಡಂ ಗಾಜಿಗೆ ಹಣೆ ಹಚ್ಚಿ ಬಿಕ್ಕಿಬಿಕ್ಕಿ ಅತ್ತಳು. ಅವಳಿಗೆ ಆ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣಿಸುತ್ತಿರಲಿಲ್ಲ. ಸಭೆಯ ನಡಾವಳಿಯಲ್ಲಿ ಹೀಗೆ ದಾಖಲಾಯಿತು: “ದಿವಂಗತರ ಸಹೋದ್ಯೋಗಿಯೊಬ್ಬರು ಗದ್ಗದಿತರಾದರು. ದಿವಂಗತರ ಜೋಡಿಯವರೂ ಅಗಲಿಕೆಯನ್ನು ತಾಳಲಾರದೆ ಅದೇ ಸಭೆಯಲ್ಲಿ ಕೊನೆಯುಸಿರೆಳೆದರು. ಇಂಥ ಅನ್ಯೋನ್ಯತೆ ಈಗಿನ ಕಾಲದಲ್ಲಿ ಅಪರೂಪ.” ನಾಲ್ಕನೇ ಸ್ಥಾನದ ಹೆಚ್ಚುವರಿ ಪ್ರಭಾರವನ್ನು ಸ್ಥಳದಲ್ಲಿಯೇ ಭಾವಮೈದುನರಿಗೆ ವಹಿಸಲಾಯಿತು. ಎರಡು ಹುದ್ದೆ ಎಂದ ಮೇಲೆ ಎರಡು ಭತ್ಯೆ ಸಹಜ.

ಭಾವಮೈದುನರು ಕೆಟ್ಟವರಲ್ಲ. ಕೊಟ್ಟ ಕೆಲಸವನ್ನು ಮನಸ್ಸಿಟ್ಟು ಮಾಡುವವರು. ಕೋಣೆಯ ಬೀಗ ತೆಗೆಸಿ, ಸರ್ವರಿನ ಪಕ್ಕದಲ್ಲಿ ಅವರಿಗೊಂದು ಕುರ್ಚಿ, ಒಂದು ಮೈಕು, ಬೆವರಿದರೆ ಒಂದು ಫ್ಯಾನು ಒದಗಿಸಲಾಯಿತು. ಆ ಎರಡು ಡಿಸ್ಕಿನಲ್ಲಿದ್ದ ಯಾವ ದನಿಯನ್ನು ಯಾರು ಕೇಳಿದರೂ ಸೂಚೀಪಟ್ಟಿಯಲ್ಲಿ ಅದರ ಬಗ್ಗೆ ಇರುವ ಎರಡು ಸಾಲನ್ನು ನೋಡಿಕೊಂಡು ಅವರೇ ಹೇಳುವುದು. ಡಿಸ್ಕಿನವರ ಸ್ಥಾನದಲ್ಲಿ ಇರುವವರ ದನಿಯನ್ನು ಡಿಸ್ಕಿನೊಳಗಿನ ದನಿಯೆಂದೇ ಪರಿಗಣಿಸತಕ್ಕದ್ದೆಂದು ಆದೇಶವಾಯಿತು. ಶನಿವಾರ ಬೆಳಿಗ್ಗೆ ಅವರು ಕಾರಿಡಾರಿನಲ್ಲಿ ಸ್ಕ್ರೂ ಮೇಡಂಳನ್ನು ತಡೆದು, ಸಂಕೋಚದಿಂದ ಹೇಳಿದರು:

“ಮೇಡಂ, ಇವತ್ತು ನಿಮ್ಮ ಅಕ್ಕನವರದ್ದಂತೆ. ಹೆಂಗಸರ ದನಿ ನಂಗೆ ಅಷ್ಟಾಗಿ ಬರಲ್ಲ. ಆದ್ರೂ ಬಿಸಿನೀರಲ್ಲಿ ಬಾಯಿ ಮುಕ್ಕಳಿಸಿ ರೆಡಿ ಆಗಿದೀನಿ. ನಗು ಜೋರಾಗಿರಬೇಕಾ, ಮೆಲ್ಲಗಾ?”

ಅವಳಿಗೆ ಅವರ ಕಪಾಳಕ್ಕೆ ಬಾರಿಸಬೇಕೆನಿಸಿತು. ಅವರ ಮುಖ ನೋಡಿದರೆ ಅದಕ್ಕೂ ಮನಸ್ಸು ಬರಲಿಲ್ಲ. ಹಿಂದಿನ ರಾತ್ರಿ ಅಕ್ಕನಿಗೆ ಎಲ್ಲವನ್ನೂ ಹೇಳಲೆಂದು ಎರಡು ಸಲ ಬಾಯಿ ತೆರೆದು, ಎರಡು ಸಲವೂ ಹೇಳಲಾಗದೆ ಮಲಗಿದ್ದಳು.

ಅಕ್ಕ ಮಗಳ ಕೈಹಿಡಿದು ಹೊಸ ಬಟ್ಟೆಯಲ್ಲಿ ಬಂದಳು. ಆಲಿಸುವ ಕೊಠಡಿಯಲ್ಲಿ ತಾಯಿ ಮಗಳನ್ನು ಅಕ್ಕಪಕ್ಕ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಮಗುವಿನ ಕಿವಿಗೆ ಅದು ದೊಡ್ಡದಾಗಿ, ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಿತು. ನಿರ್ದೇಶಕರೂ ಸಿಬ್ಬಂದಿ ಅಧಿಕಾರಿಯೂ ಹೊಸ ವ್ಯವಸ್ಥೆಯ ಮೊದಲ ಪ್ರಯೋಗ ನೋಡಲು ಗೋಡೆಗೆ ಒರಗಿ ನಿಂತಿದ್ದರು.

ಗೋಡೆಯಾಚೆ ಯಾರೋ ಗಂಟಲು ಸರಿಮಾಡಿಕೊಂಡರು.

“ಒಂದು ಹುಳ,” ಎಂದಿತು ದಪ್ಪ ದನಿ. “ನೂರು ಕಾಲು. ಚಪ್ಪಲಿ ಹಾಕಿಕೊಳ್ಳುತ್ತದೆ. ಕ್ಷಮಿಸಿ, ಹಾಕಿಕೊಳ್ಳುತ್ತಾರೆ. ಒಂದು ಚಪ್ಪಲಿಯವರು ಕಾಣೆಯಾಗುತ್ತಾರೆ. ಹುಳದವರು ಎಲ್ಲವನ್ನೂ ಬಿಚ್ಚಿ ಮತ್ತೆ ಹಾಕಿಕೊಳ್ಳುತ್ತಾರೆ. ಇಲ್ಲಿ ನಗು.” ಸ್ವಲ್ಪ ಹೊತ್ತು ಬಿಟ್ಟು, “ಹ. ಹ. ಹ.”

ಅಕ್ಕ ಹೆಡ್‌ಫೋನನ್ನು ಮೆಲ್ಲನೆ ಕಿವಿಯಿಂದ ತೆಗೆದಳು. ತಂಗಿಯತ್ತ ತಿರುಗಿದಳು. ತಂಗಿ ತಲೆ ತಗ್ಗಿಸಿದಳು. ಅಷ್ಟರಲ್ಲಿ ಅಕ್ಕನಿಗೆ ಎಲ್ಲವೂ ತಿಳಿದುಹೋಯಿತು. ದನಿ ಹೋದವರಿಗೆ ಮುಖ ಓದುವುದನ್ನು ಯಾರೂ ಕಲಿಸಬೇಕಾಗಿಲ್ಲ.

“ದನಿಯ ಸಾಚಾತನದ ಬಗ್ಗೆ ಆಕ್ಷೇಪಣೆ ಇದ್ದಲ್ಲಿ ಈಗಲೇ ಸಲ್ಲಿಸಬಹುದು,” ಎಂದರು ಸಿಬ್ಬಂದಿ ಅಧಿಕಾರಿ. “ಕಾಗದ ಉಳಿತಾಯದ ಸಲುವಾಗಿ ಆಕ್ಷೇಪಣೆಗಳನ್ನು ಬಾಯಿಮಾತಿನಲ್ಲಿ ಮಾತ್ರ ಸ್ವೀಕರಿಸಲಾಗುವುದು.”

“ನಂದಿದೆ ಆಕ್ಷೇಪಣೆ!” ಎಂದು ಸ್ಕ್ರೂ ಮೇಡಂ ಮುಂದೆ ಬಂದಳು. “ಇದು ಅವಳ ದನಿ ಅಲ್ಲ! ಅವಳ ದನೀನ ನೀವೆಲ್ಲ ಸೇರಿ ನಿನ್ನೆ ಕೊಂದುಹಾಕಿದ್ರಿ!”

“ನೀವು ಸಂಬಂಧಿಕರು ಮೇಡಂ. ಸ್ವಜನಪಕ್ಷಪಾತ ಆಗುತ್ತೆ.” ಅಧಿಕಾರಿ ಮಗುವಿನ ಕಡೆ ನೋಡಿದರು. “ಇವರು ಅಪ್ರಾಪ್ತರು. ಉಳಿದವರು ದನಿಯ ಮೂಲ ಒಡತಿ. ಅವರ ಮಾತೇ ಅಂತಿಮ. ಹೇಳಿ ತಾಯಿ.”

ಅಕ್ಕ ತನ್ನ ಮೊಬೈಲು ತೆಗೆದು, ಅದರಲ್ಲಿ ಏನೋ ಬರೆದು ಚಾಚಿದಳು. ಅಧಿಕಾರಿ ವಿನಯದಿಂದ ಕಣ್ಣು ಮುಚ್ಚಿಕೊಂಡರು. “ಓದೋ ಹಾಗಿಲ್ಲ ತಾಯಿ. ಬಾಯಿಮಾತು.”

ಅಕ್ಕ ಬಾಯಿ ತೆರೆದಳು. ಕತ್ತಿನ ನರಗಳು ಉಬ್ಬಿದವು, ಮುಖ ಕೆಂಪಾಯಿತು. ಬರೀ ಗಾಳಿ ಬಂತು. ಎಲ್ಲರೂ ಸೌಜನ್ಯದಿಂದ ಕಾದರು. ಯಾರೂ ಅವಸರ ಮಾಡಲಿಲ್ಲ. ಅವಳ ಬಾಯಿ ಮುಚ್ಚಿದ ಮೇಲೆ ನಿರ್ದೇಶಕರು ತಲೆಯಾಡಿಸಿದರು, ಅಧಿಕಾರಿ ಘೋಷಿಸಿದರು: “ಆಕ್ಷೇಪಣೆ ಇಲ್ಲ. ದನಿ ಅವರದೇ.”

ಕಡತ ಮುಚ್ಚಿತು. ಭಾವಮೈದುನರು ಪಕ್ಕದ ಕೋಣೆಯಿಂದ ಹೊರಬಂದು, ಹೇಗಿತ್ತು ಎಂದು ಒಬ್ಬೊಬ್ಬರನ್ನೇ ವಿಚಾರಿಸಿದರು. ಚೆನ್ನಾಗಿತ್ತು ಎಂದರು ಎಲ್ಲರೂ.

ಬೀದಿಗೆ ಬಂದ ಮೇಲೆ ಮೂವರೂ ಮನೆಯ ಕಡೆ ನಡೆದರು. ತಿರುವಿನಲ್ಲಿ ಮಗು ನಿಂತುಬಿಟ್ಟಿತು. ಹೆಡ್‌ಫೋನ್ ಒತ್ತಿದ್ದ ಗುರುತು ಕಿವಿಯ ಮೇಲೆ ಇನ್ನೂ ಕೆಂಪಗಿತ್ತು.

“ಅಮ್ಮಾ, ನಿನ್ ದನಿ ಅಷ್ಟು ದಪ್ಪ ಇತ್ತಾ?”

ಅಕ್ಕ ಮಗಳ ಮುಖ ನೋಡಿದಳು. ಎಷ್ಟು ದಿನದಿಂದ ಕಾದಿದ್ದ ಮುಖ ಅದು. ಆಮೇಲೆ ತಂಗಿಯನ್ನು ನೋಡಿದಳು. ಕೊನೆಗೆ, ಹೌದು ಎಂದು ತಲೆಯಾಡಿಸಿದಳು.

“ಹೂಂ,” ಎಂದಳು ಸ್ಕ್ರೂ ಮೇಡಂ. “ಚಿಕ್ಕಂದಿನಿಂದ್ಲೂ ಸ್ವಲ್ಪ ದಪ್ಪಾನೇ.”

ಮಗುವಿಗೆ ಸಮಾಧಾನವಾಯಿತು. ದಾರಿಯುದ್ದಕ್ಕೂ ಅದು ಅಮ್ಮನ ಹಾಗೆ ನಗುವುದನ್ನು ಕಲಿಯುತ್ತಾ ಬಂತು: “ಹ. ಹ. ಹ.”